ಬಂದೂಕು ಬಿಟ್ಟವರ ಬೇಸಾಯ

ಕನ್ನಡದಲ್ಲಿ ಆತ್ಮಕಥೆಗಳಿಗೆ ಬರವಿಲ್ಲ. ಸಾಹಿತಿಗಳು, ರಾಜಕಾರಣಿಗಳು, ನಟರು, ನಿವೃತ್ತ ಅಧಿಕಾರಿಗಳು ತಮ್ಮ ಬದುಕನ್ನು ಬರೆದುಕೊಂಡಿದ್ದಾರೆ. ಆದರೆ ಹೊಲದಲ್ಲಿ ದುಡಿದವನೊಬ್ಬ ತನ್ನ ಬೆಳೆಯ, ಸಾಲದ, ಸೋಲಿನ ಲೆಕ್ಕವನ್ನು ತಾನೇ ಕುಳಿತು ಬರೆದದ್ದು ತೀರಾ ಕಡಿಮೆ. ಬರೆಯುವಷ್ಟು ಬಿಡುವು ರೈತನಿಗೆ ಸಿಗುವುದಿಲ್ಲ. ಬಿಡುವು ಸಿಕ್ಕಾಗ ಅವನು ರೈತನಾಗಿ ಉಳಿದಿರುವುದಿಲ್ಲ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ‘ಸಿಂಪ್ಲಿ ಫ್ಲೈ’ ಎಂಬ ಆತ್ಮಕಥೆಯನ್ನು ನಾವು ಈ ಕಾರಣಕ್ಕಾಗಿ ಮತ್ತೆ ಕೈಗೆತ್ತಿಕೊಂಡೆವು. ವಿಶ್ವೇಶ್ವರ ಭಟ್ಟರ ಅನುವಾದದಲ್ಲಿ ಅದು ‘ಬಾನಯಾನ’ವಾಗಿ ಕನ್ನಡಕ್ಕೂ ಬಂದಿದೆ.

ಎರಡೂ ಹೆಸರುಗಳು ಆಕಾಶವನ್ನೇ ನೋಡುತ್ತವೆ. ಓದುಗರೂ ಅದನ್ನು ವಿಮಾನದ ಪುಸ್ತಕವೆಂದೇ ಓದಿದ್ದಾರೆ. 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ ಸಾಮಾನ್ಯರನ್ನು ವಿಮಾನ ಹತ್ತಿಸಿದವರ ಕಥೆ ಎಂದು ಕಾಲೇಜುಗಳಲ್ಲಿ, ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ಅದನ್ನು ಎತ್ತಿ ಹೇಳುತ್ತಾರೆ. ನಮ್ಮ ಆಸಕ್ತಿ ಅದರ ನೆಲದ ಭಾಗದಲ್ಲಿದೆ. ಸೈನ್ಯ ಬಿಟ್ಟ ಮೇಲೆ, ವಿಮಾನ ಬರುವ ಮೊದಲು, ಈ ಮನುಷ್ಯ ಜಾವಗಲ್ಲಿನ ಹೊಲದಲ್ಲಿ ವರ್ಷಗಟ್ಟಲೆ ಬೇಸಾಯ ಮಾಡಿದರು. ಆ ಅಧ್ಯಾಯಗಳನ್ನು ಐರಣಿಯಂಥ ಊರಿನ ಕಡೆಯಿಂದ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ರೈತನ ಕಡೆಯಿಂದ ಓದಿದರೆ ಏನು ಕಾಣುತ್ತದೆ ಎಂಬುದೇ ಈ ಬರೆಹದ ಪ್ರಶ್ನೆ.

ಮೊದಲು ಕಥೆಯ ಸಂಗತಿಗಳು. ಗೋಪಿನಾಥ್ 1951ರಲ್ಲಿ ಹುಟ್ಟಿದವರು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದವರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರೆಹಗಳಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಊರು ಅದು. ತಂದೆ ಶಾಲಾ ಮಾಸ್ತರರು. ಹುಡುಗ ಬಿಜಾಪುರದ ಸೈನಿಕ ಶಾಲೆ ಸೇರಿ, ಅಲ್ಲಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೋಗಿ, ಸೈನ್ಯದ ಅಧಿಕಾರಿಯಾದ. 1971ರ ಯುದ್ಧ ಕಂಡು, ಸುಮಾರು ಎಂಟು ವರ್ಷ ಸೇವೆ ಮಾಡಿ, ಮೂವತ್ತು ತುಂಬುವ ಮೊದಲೇ ಸೈನ್ಯ ಬಿಟ್ಟ. ಅಷ್ಟರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಎದ್ದಿತ್ತು. 1979ರಲ್ಲಿ ಮುಗಿದ ಆ ಅಣೆಕಟ್ಟಿನ ಹಿನ್ನೀರಿಗೆ ಕುಟುಂಬದ ಜಮೀನು ಹೋಯಿತು. ಅದಕ್ಕೆ ಬದಲಾಗಿ ಸರ್ಕಾರ ಅರಸೀಕೆರೆ ತಾಲೂಕಿನ ಜಾವಗಲ್ಲಿನ ಬಳಿ ಒಣಭೂಮಿ ಕೊಟ್ಟಿತು. ಅಂಥ ನೆಲದ ಮೇಲೆ ಈ ತರುಣ ಡೇರೆ ಹೊಡೆದು ಕುಳಿತ. ತೆಂಗಿನ ಸಸಿ ನೆಟ್ಟ, ನೀರು ಹೊತ್ತು ತಂದು ಹಾಕಿದ, ದನ ಸಾಕಿದ, ರೇಷ್ಮೆ ಹಿಡಿದ. ರಾಸಾಯನಿಕಗಳನ್ನು ಕಡಿಮೆ ಮಾಡಿ ಮಾಡಿದ ರೇಷ್ಮೆ ಬೇಸಾಯಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮರುವರ್ಷ ಹೆಲಿಕಾಪ್ಟರ್ ಕಂಪನಿ.

ಓದುಗ ಇದನ್ನು ಗೆಲುವಿನ ಕಥೆಯಾಗಿ ಓದುವುದು ಸಹಜ. ಬೀಳುನೆಲ, ಒಂಟಿ ಸೈನಿಕ, ಡೇರೆ, ಛಲ, ಕೊನೆಗೆ ಹಸಿರು. ಅವರನ್ನು ‘ಮೊದಲಿಗ’ ಎಂದು ಕರೆಯುತ್ತಾರೆ. ನಮ್ಮ ತಕರಾರು ಗೋಪಿನಾಥರ ದುಡಿಮೆಯ ಬಗ್ಗೆ ಅಲ್ಲ, ಈ ‘ಮೊದಲಿಗ’ ಎಂಬ ಮಾತಿನ ಬಗ್ಗೆ. ಈ ಮಾತಿಗೆ ಇತಿಹಾಸವೊಂದಿದೆ, ಮತ್ತು ಆ ಇತಿಹಾಸದ ಒಂದು ತುದಿ ತುಂಗಭದ್ರೆಯ ದಂಡೆಯಲ್ಲಿದೆ.

1800ರ ಜೂನ್ ತಿಂಗಳಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ಹೊಳೆ ದಾಟಿ ಐರಣಿ, ರಾಣೆಬೆನ್ನೂರುಗಳ ಕಡೆ ಕಂಪನಿಯ ದಂಡು ನಡೆಸಿದ. ಅವನು ಬೆನ್ನಟ್ಟಿದ್ದು ಚನ್ನಗಿರಿಯ ಧೋಂಡಿಯ ವಾಘನನ್ನು. ಹಿಂದಿನ ವರ್ಷ ಶ್ರೀರಂಗಪಟ್ಟಣ ಬಿದ್ದಾಗ ಸೆರೆಮನೆಯಿಂದ ಹೊರಬಿದ್ದ ಧೋಂಡಿಯನ ಸುತ್ತ ಸೇರಿದವರಲ್ಲಿ ಟಿಪ್ಪುವಿನ ಚದುರಿಹೋದ ಸೈನ್ಯದ ಸವಾರರು, ಸಿಪಾಯಿಗಳು ಬಹಳ ಮಂದಿ ಇದ್ದರು. ದೊರೆ ಹೋದ, ಸಂಬಳ ಹೋಯಿತು, ಕೈಯಲ್ಲಿ ಉಳಿದದ್ದು ಕತ್ತಿ ಮಾತ್ರ. ಅದೇ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯ ಸತ್ತ. ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ ಡ್ಯೂಕ್ ಆದ. ಧೋಂಡಿಯನ ಜೊತೆಗಿದ್ದ ಸಿಪಾಯಿಗಳಲ್ಲಿ ಬದುಕಿ ಉಳಿದವರು ಯಾವ ಹೊಲಕ್ಕೆ ಹೋದರು, ಯಾರ ಜಮೀನು ಪಾಲಿಗೆ ಮಾಡಿದರು ಎಂದು ಯಾವ ಆತ್ಮಕಥೆಯೂ ಹೇಳುವುದಿಲ್ಲ. ಬಂದೂಕು ಬಿಟ್ಟು ನೇಗಿಲು ಹಿಡಿಯುವುದು ಈ ನಾಡಿಗೆ ಹೊಸದಲ್ಲ. ಹಿಡಿದವರು ಬರೆಯಲಿಲ್ಲ, ಅಷ್ಟೆ.

ಇನ್ನೊಂದು ಸಂಗತಿ. ಧಾರವಾಡ, ಬೆಳಗಾವಿ ಸೀಮೆಯಲ್ಲಿ ಶೇತ್‌ಸನದಿ ಎಂಬ ವ್ಯವಸ್ಥೆಯಿತ್ತು. ಮರಾಠಿಯ ‘ಶೇತ’ ಎಂದರೆ ಹೊಲ, ಅರಬ್ಬಿಯಿಂದ ಬಂದ ‘ಸನದು’ ಎಂದರೆ ಅಧಿಕಾರದ ಪತ್ರ. ಊರನ್ನು, ಕೋಟೆಯನ್ನು ಕಾಯುವವನಿಗೆ ಸಂಬಳದ ಬದಲು ಹೊಲ. ಅವನು ಮಳೆಗಾಲದಲ್ಲಿ ಬಿತ್ತುವವನು, ಕರೆ ಬಂದಾಗ ಕತ್ತಿ ಹಿಡಿಯುವವನು. ಸಂಗೊಳ್ಳಿ ರಾಯಣ್ಣ ಇಂಥ ಶೇತ್‌ಸನದಿ. ಕಿತ್ತೂರು ಕಂಪನಿಯ ಕೈಗೆ ಹೋದ ಮೇಲೆ ಈ ಹೊಲಗಳ ಮೇಲೆ ಹೊಸ ಕಂದಾಯದ ಹೊರೆ ಬಿತ್ತು. 1830ರ ಅವನ ಬಂಡಾಯಕ್ಕೆ ಕಿತ್ತೂರಿನ ಅಭಿಮಾನ ಎಷ್ಟು ಕಾರಣವೋ ಈ ಹೊಲದ ನೋವೂ ಅಷ್ಟೇ ಕಾರಣ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಸೈನಿಕನೂ ರೈತನೂ ಒಬ್ಬನೇ ಆಗಿದ್ದ ಬದುಕನ್ನು ವಸಾಹತುಶಾಹಿ ಎರಡಾಗಿ ಸೀಳಿತು. ಸಿಪಾಯಿಗೆ ರೊಕ್ಕದ ಸಂಬಳ ಮತ್ತು ಪಿಂಚಣಿ. ರೈತನಿಗೆ ರೊಕ್ಕದ ಕಂದಾಯ. ಈ ಸೀಳು ನಮಗೆ ಎಷ್ಟು ಅಭ್ಯಾಸವಾಗಿದೆ ಎಂದರೆ ಸೈನ್ಯ ಬಿಟ್ಟವನೊಬ್ಬ ಹೊಲಕ್ಕೆ ಬಂದರೆ ಅದು ಸುದ್ದಿಯಾಗುತ್ತದೆ.

ಆಮೇಲೆ ಬಂದದ್ದು ಸರ್ವೆ. ಬಾಂಬೆ ಎಂಜಿನಿಯರ್ಸ್ ದಳದ ಸೈನಿಕ ಅಧಿಕಾರಿ ಜಾರ್ಜ್ ವಿಂಗೇಟ್ 1840ರ ದಶಕದಲ್ಲಿ ಧಾರವಾಡ ಜಿಲ್ಲೆಯ ಹೊಲಗಳನ್ನು ಅಳೆಸಿ, ಮಣ್ಣಿನ ತರಗತಿ ಮಾಡಿ, ಮೂವತ್ತು ವರ್ಷಗಳ ಕಂದಾಯ ಗೊತ್ತುಮಾಡುವ ಕೆಲಸ ನಡೆಸಿದ. ಇಂದಿನ ನಮ್ಮ ಉತಾರದ ಸರ್ವೆ ನಂಬರು ಆ ಪರಂಪರೆಯದು. ಅವನ ಪದ್ಧತಿ ಹಿಂದಿನ ಮನಬಂದ ವಸೂಲಿಗಿಂತ ಎಷ್ಟೋ ವಾಸಿಯಾಗಿತ್ತು ಎಂಬುದನ್ನು ಒಪ್ಪಬೇಕು. ಆದರೆ ಆ ಲೆಕ್ಕದಲ್ಲಿ ನೆಲಕ್ಕೆ ಎರಡೇ ಜಾತಿ: ಕಂದಾಯ ಕೊಡುವ ಸಾಗುವಳಿ ನೆಲ ಮತ್ತು ಕಂದಾಯ ಕೊಡದ ಬೀಳು. ಎಷ್ಟು ಎಕರೆ ಬೀಳು ಸಾಗುವಳಿಗೆ ಬಂತು ಎಂಬುದೇ ಆಡಳಿತದ ಯಶಸ್ಸಿನ ಅಳತೆ. ದನ ಮೇಯುವ ಜಾಗ, ಸೌದೆ ಆರಿಸುವ ಗುಡ್ಡ, ಕುರಿ ನಿಲ್ಲಿಸುವ ಬಯಲು, ಇವೆಲ್ಲ ಊರಿನವರಿಗೆ ಗಾಯರಾಣ, ಗೋಮಾಳ. ದಫ್ತರಕ್ಕೆ ಅದು ಬರೀ ‘ಬೀಳು’. ಉರ್ದುವಿನಲ್ಲಿ ನಾವು ‘ಬಂಜರ್’ ಎನ್ನುತ್ತೇವೆ, ಕನ್ನಡದಲ್ಲೂ ‘ಬಂಜರು’. ಹೆರದವಳನ್ನು ಬಂಜೆ ಎಂದು ಹೀಗಳೆಯುವ ನಾಲಿಗೆಯೇ ಕಂದಾಯ ಕೊಡದ ನೆಲವನ್ನೂ ಹಾಗೆ ಕರೆಯಿತು.

ಈ ಮಾತು ಹಳೆಯ ದಫ್ತರದಲ್ಲೇ ಉಳಿದಿದ್ದರೆ ನಾವು ಇಷ್ಟು ಉದ್ದ ಹೇಳಬೇಕಾಗಿರಲಿಲ್ಲ. 1984ರಲ್ಲಿ ಕರ್ನಾಟಕ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಕಟ್ಟಿತು. ಐರಣಿ ಇರುವ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲೇ ಪಾಲಿಫೈಬರ್ಸ್‌ನ ಕಾರ್ಖಾನೆ. ಅದಕ್ಕೆ ನೀಲಗಿರಿ ಮರ ಬೆಳೆಸಲು ಸುಮಾರು 30,000 ಹೆಕ್ಟೇರ್ ‘ಬೀಳು’ ಭೂಮಿಯನ್ನು ಗೊತ್ತುಮಾಡಿದರು. ಅದು ಯಾರ ಬೀಳು? ಊರಿನ ದನದ ಬಾಯಿಯ ಹುಲ್ಲು, ಬಡವರ ಒಲೆಯ ಸೌದೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದವರು ಮುಂದೆ ನಿಂತರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಕಂಪನಿ ಮುಚ್ಚಿತು. ಒಂದು ಪದವನ್ನು ಒಪ್ಪದೆ ಜನ ಹೋರಾಡಿ ಗೆದ್ದ ಅಪರೂಪದ ಪ್ರಸಂಗ ಅದು. ಆದ್ದರಿಂದ ಹಾವೇರಿ ಜಿಲ್ಲೆಯ ಓದುಗನಿಗೆ ‘ಬೀಳುನೆಲವನ್ನು ಗೆದ್ದ ವೀರ’ ಎಂಬ ಮಾತು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಚುಚ್ಚುತ್ತದೆ.

ಈಗ ಜಾವಗಲ್ಲಿಗೆ ಮರಳೋಣ. ಜಾವಗಲ್ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಅಲ್ಲಿನ ದರ್ಗಾ. ಎಲ್ಲ ಜಾತಿ ಮತಗಳವರೂ ಹರಕೆ ಹೊತ್ತು ಹೋಗುವ ಜಾಗ. ಅಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವೂ ಇದೆ. ಏಳೆಂಟು ನೂರು ವರ್ಷಗಳಿಂದ ಜನ ಬಾಳಿದ, ಬೇಡಿಕೊಂಡ ಊರು ಅದು. ಅಂಥ ಊರಿನ ಎಲ್ಲೆಯಲ್ಲಿ ಯಾರೂ ಕಾಲಿಡದ ನೆಲ ಎಂಬುದು ಇರಲಾರದು. ಮಳೆ ಕಡಿಮೆ, ನೀರು ಆಳ, ಹೀಗಾಗಿ ಅಲ್ಲಿನವರು ಆ ನೆಲದಿಂದ ಕಡಿಮೆ ಕೇಳುತ್ತಿದ್ದರು. ಮೇವು ಕೇಳುತ್ತಿದ್ದರು, ಒಂದು ಪೈರು ರಾಗಿ ಕೇಳುತ್ತಿದ್ದರು. ಅದನ್ನು ಸೋಮಾರಿತನ ಎನ್ನಬಾರದು, ನೆಲದ ಶಕ್ತಿ ತಿಳಿದವರ ಮಿತವ್ಯಯ ಎನ್ನಬೇಕು.

ಆದರೆ ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಗೋಪಿನಾಥ್ ಜಾವಗಲ್ಲಿಗೆ ಹೋದದ್ದು ಜಗತ್ತನ್ನು ಗೆಲ್ಲಲು ಹೊರಟ ಬಿಳಿಯ ತೋಟಗಾರನಂತೆ ಅಲ್ಲ. ಅವರು ಹೋದದ್ದು ಮುಳುಗಡೆಯ ಮನೆಯವರಾಗಿ. ಹೇಮಾವತಿಯ ನೀರು ಕಾಲುವೆ ಹಿಡಿದು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಹರಿಯಿತು. ಹೊಳೆಗೆ ಹೊಲ ಬಿಟ್ಟುಕೊಟ್ಟ ಕುಟುಂಬ ಮಳೆಯನ್ನೇ ನಂಬಿದ ನೆಲಕ್ಕೆ ಹೋಗಬೇಕಾಯಿತು. ಕ್ಯಾಪ್ಟನ್ನರ ಬೇಸಾಯದ ಮೊದಲ ಸತ್ಯ ಇದು. ‘ಮೊದಲಿಗ’ ಎಂದು ನಾವು ಚಪ್ಪಾಳೆ ತಟ್ಟುವಾಗ ‘ನಿರಾಶ್ರಿತ’ ಎಂಬ ಮಾತನ್ನು ಮರೆಯುತ್ತೇವೆ. ಅವರಂತೆಯೇ ಜಮೀನು ಕಳೆದುಕೊಂಡ, ಆದರೆ ಸೈನಿಕ ಶಾಲೆಯ ಇಂಗ್ಲಿಷಾಗಲಿ ಕ್ಯಾಪ್ಟನ್ ಎಂಬ ಬಿರುದಾಗಲಿ ಇಲ್ಲದ ಕುಟುಂಬಗಳು ಬದಲಿ ಭೂಮಿಯಲ್ಲಿ ಹೇಗೆ ಬದುಕಿದವು? ಈ ಪುಸ್ತಕ ಆ ಪ್ರಶ್ನೆಯ ಬಾಗಿಲಿನವರೆಗೆ ನಮ್ಮನ್ನು ಕರೆದೊಯ್ಯುತ್ತದೆ, ಒಳಗೆ ಹೋಗುವುದಿಲ್ಲ. ಒಬ್ಬನ ಆತ್ಮಕಥೆ ಹೋಗಬೇಕೆಂದೂ ಇಲ್ಲ. ಓದುವ ನಾವಾದರೂ ಹೋಗಬೇಕು.

ಪುಸ್ತಕದ ಗಟ್ಟಿ ಭಾಗವೆಂದರೆ ಸೋಲುಗಳ ಭಾಗ. ಸೈನಿಕನ ಆತ್ಮಕಥೆಯಲ್ಲಿ ಸೋಲು ಸಾಮಾನ್ಯವಾಗಿ ಮುಂದಿನ ಗೆಲುವಿಗೆ ಮೆಟ್ಟಿಲಾಗಿ ಮಾತ್ರ ಬರುತ್ತದೆ. ಇಲ್ಲಿಯೂ ಆ ಗುಣ ಇಲ್ಲವೆಂದಲ್ಲ. ಆದರೂ ಸಾಲ, ನಷ್ಟ, ಕೈಕೊಟ್ಟ ಪ್ರಯೋಗಗಳನ್ನು ಲೇಖಕರು ಮುಚ್ಚಿಟ್ಟಿಲ್ಲ. ದುಡ್ಡು ಸುರಿದು ಗೊಬ್ಬರ, ಔಷಧಿ ತಂದು ಹಾಕಿದಷ್ಟೂ ಖರ್ಚು ಬೆಳೆಯುತ್ತದೆ, ಕೈಗೆ ಉಳಿಯುವುದು ಕರಗುತ್ತದೆ ಎಂಬುದನ್ನು ಅವರು ಹೊಲದಲ್ಲೇ ಕಲಿತರು. ಜಪಾನಿನ ಮಸನೊಬು ಫುಕುವೋಕಾ ಅವರ ‘ಒಂದು ಹುಲ್ಲಿನ ಕ್ರಾಂತಿ’ ಅವರಿಗೆ ದಾರಿ ತೋರಿತು. ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿ ‘ಸಹಜ ಕೃಷಿ’ ಬರೆದು ಇದೇ ಫುಕುವೋಕಾರನ್ನು ಕನ್ನಡಿಗರಿಗೆ ಪರಿಚಯಿಸಿದ್ದನ್ನು ಓದುಗರು ಬಲ್ಲರು. ನೆಲದ ಮೇಲೆ ಏರಿಹೋಗಲು ಬಂದವನು ನೆಲದ ಮಾತಿಗೆ ಕಿವಿಗೊಡಲು ಕಲಿತದ್ದು ಈ ಬದುಕಿನ ನಿಜವಾದ ತಿರುವು. ಸೈನ್ಯ ಬಿಟ್ಟ ದಿನ ಅವರು ಸೈನಿಕತನ ಬಿಟ್ಟಿರಲಿಲ್ಲ. ಅದನ್ನು ಬಿಟ್ಟದ್ದು ಜಾವಗಲ್ಲಿನಲ್ಲಿ, ಸೋತ ಮೇಲೆ.

ರೇಷ್ಮೆಯ ವಿಷಯದಲ್ಲೂ ಇದನ್ನೇ ನೋಡಬಹುದು. ರೇಷ್ಮೆಹುಳು ಬಹಳ ಸೂಕ್ಷ್ಮ ಜೀವಿ. ಹಿಪ್ಪುನೇರಳೆ ಸೊಪ್ಪಿಗೆ ಸಿಂಪಡಿಸಿದ ಔಷಧಿ ಹುಳುವಿಗೆ ವಿಷ. ಮನೆಯಲ್ಲಿ ಗಾಳಿ, ಶಾಖ, ಶುಚಿ ಹದ ತಪ್ಪಿದರೆ ತಟ್ಟೆಗಟ್ಟಲೆ ಹುಳು ಸಾಯುತ್ತವೆ. ಹೀಗಾಗಿ ವಿಷ ಕಡಿಮೆ ಮಾಡುವುದು ಇಲ್ಲಿ ಆದರ್ಶವಷ್ಟೇ ಅಲ್ಲ, ಲಾಭದ ಲೆಕ್ಕವೂ ಹೌದು. ಗೋಪಿನಾಥರ ಹಿರಿಮೆ ಇರುವುದು ಈ ಲೆಕ್ಕವನ್ನು ಸ್ಪಷ್ಟವಾಗಿ ಕಂಡು, ಮಾಡಿ ತೋರಿಸಿ, ಜಗತ್ತಿಗೆ ತಿಳಿಯುವ ಭಾಷೆಯಲ್ಲಿ ಹೇಳಿದ್ದರಲ್ಲಿ. ಆದರೆ ಮೈಸೂರು ಸೀಮೆಗೆ ರೇಷ್ಮೆ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಗೆ, ಟಿಪ್ಪು ಬಂಗಾಳದಿಂದ ಹುಳು ತರಿಸಿದಾಗ. ಅಂದಿನಿಂದ ಮನೆಯ ನಡುಮನೆಯಲ್ಲೇ ಹುಳು ಸಾಕಿ, ರಾತ್ರಿ ಎದ್ದು ಸೊಪ್ಪು ಹಾಕಿದ ಹೆಣ್ಣುಮಕ್ಕಳ ತಲೆಮಾರುಗಳಿವೆ. ರಾಮನಗರ, ಶಿಡ್ಲಘಟ್ಟಗಳ ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಿಗೆ ಕೈಯದ್ದಿ ಬೆರಳ ಚರ್ಮ ಸುಲಿಸಿಕೊಂಡವರಿದ್ದಾರೆ; ಅವರಲ್ಲಿ ನಮ್ಮ ಸಮುದಾಯದವರೇ ಬಹಳ. ಇವರು ಯಾರೂ ‘ಮೊದಲಿಗ’ರೆನಿಸಲಿಲ್ಲ. ಅವರ ಜ್ಞಾನಕ್ಕೆ ಪ್ರಶಸ್ತಿಯ ಅರ್ಜಿ ನಮೂನೆಯಲ್ಲಿ ಜಾಗವಿಲ್ಲ.

ಡೇರೆಯ ದಿನಗಳಲ್ಲಿ ಲೇಖಕರ ಜೊತೆಗಿದ್ದ ಸಹಾಯಕನ ವಿಷಯವೂ ಹೀಗೆಯೇ. ಅವನನ್ನು ಲೇಖಕರು ಪ್ರೀತಿಯಿಂದ ನೆನೆಯುತ್ತಾರೆ. ಆದರೆ ನೆನೆಯುವ ಅಧಿಕಾರ ಒಬ್ಬರದು, ನೆನಪಾಗುವ ಪಾಡು ಇನ್ನೊಬ್ಬನದು. ಅದೇ ಡೇರೆ, ಅದೇ ಚಳಿ, ಅದೇ ನೀರಿನ ಕೊಡ. ಅವನು ಬರೆದಿದ್ದರೆ ಆ ಕಥೆ ಸಾಹಸದ ಕಥೆಯಾಗುತ್ತಿತ್ತೋ ಕೂಲಿಯ ಕಥೆಯಾಗುತ್ತಿತ್ತೋ? ಸಣ್ಣಕಥೆ ಬರೆಯುವ ನಮ್ಮಂಥವರಿಗೆ ಈ ಪುಸ್ತಕದಲ್ಲಿ ಅತ್ಯಂತ ಕಾಡುವ ಪಾತ್ರ ಅವನದೇ.

ಇನ್ನು ಪುಸ್ತಕದ ಮಿತಿ. ಅದು ಪುಸ್ತಕಕ್ಕಿಂತ ಹೆಚ್ಚಾಗಿ ಅದನ್ನು ಮಾದರಿಯೆಂದು ಹಂಚುವವರ ಮಿತಿ. ಹೊಲ ಕೈಕೊಟ್ಟಾಗ ಗೋಪಿನಾಥರಿಗೆ ಬೇರೆ ಹಗ್ಗಗಳಿದ್ದವು. ಹಾಸನದಲ್ಲಿ ಎನ್‌ಫೀಲ್ಡ್ ಮೋಟಾರ್ ಸೈಕಲ್ ಏಜೆನ್ಸಿ ಹಿಡಿದರು, ಹೋಟೆಲು ನಡೆಸಿದರು, ನೀರಾವರಿ ಸಲಕರಣೆ ಮಾರಿದರು, ಕೃಷಿ ಸಲಹೆಗಾರರಾದರು. ಇದು ಅವರ ಚುರುಕುತನ, ಒಪ್ಪೋಣ. ಆದರೆ ಏಜೆನ್ಸಿ ಕೇಳಿದಾಗ ಕಂಪನಿಯವರು ಬಾಗಿಲು ತೆರೆಯುವುದು, ಅಧಿಕಾರಿಯ ಮುಂದೆ ಕುರ್ಚಿ ಎಳೆದು ಕೂರಲು ಸಾಧ್ಯವಾಗುವುದು ಕ್ಯಾಪ್ಟನ್ನರಿಗೆ. ಸಾಮಾನ್ಯ ರೈತ ಅದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ. ಎರಡನೆಯ ಹಗ್ಗ ಇದ್ದವನ ಸೋಲು ಅನುಭವವಾಗುತ್ತದೆ. ಇಲ್ಲದವನ ಸೋಲು ಸಾಲವಾಗುತ್ತದೆ.

2008ರ ಜೂನ್ 10ರಂದು ಹಾವೇರಿಯಲ್ಲಿ ರೈತರು ಬೀದಿಗಿಳಿದದ್ದು ಗೊಬ್ಬರಕ್ಕಾಗಿ. ಮುಂಗಾರು ಬಂದಿತ್ತು, ಕೂರಿಗೆ ಹೂಡುವ ಹೊತ್ತು, ಅಂಗಡಿಯಲ್ಲಿ ಗೊಬ್ಬರ ಇಲ್ಲ. ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರ ಜೀವ ಹೋಯಿತು. ಆ ರೈತರಿಗೆ ‘ಗೊಬ್ಬರವಿಲ್ಲದೆ ಬೇಸಾಯ ಮಾಡಿರಿ, ಜಾವಗಲ್ಲಿನಲ್ಲಿ ಮಾಡಿ ತೋರಿಸಿದ್ದಾರೆ’ ಎಂದು ಹೇಳುವುದು ಸುಲಭ. ಆದರೆ ರಾಸಾಯನಿಕ ಬಿಟ್ಟ ಹೊಲ ಮತ್ತೆ ಹದಕ್ಕೆ ಬರಲು ವರ್ಷಗಳು ಬೇಕು. ಆ ವರ್ಷಗಳಲ್ಲಿ ಇಳುವರಿ ಕುಸಿದರೆ ಮನೆ ನಡೆಸುವುದು ಹೇಗೆ? ಬೇರೆ ವರಮಾನವಿದ್ದವನು ಕಾಯಬಲ್ಲ. ಎರೆಹೊಲದ ನಾಲ್ಕೆಕರೆಯಲ್ಲಿ ಗೋವಿನಜೋಳವನ್ನೋ ಹತ್ತಿಯನ್ನೋ ನಂಬಿದವನು ಕಾಯಲಾರ. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿಯಿತೆಂದು ರೈತರು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಒಳ್ಳೆಯ ಬೆಳೆ ತೆಗೆದವನೂ ಒಂದೇ ದಿನದಲ್ಲಿ ಸೋಲಬಲ್ಲ ಎಂಬುದನ್ನು ಆ ದಿನ ಹೇಳಿತು. ಬ್ಯಾಡಗಿ ಮೆಣಸಿನಕಾಯಿ ಜಗತ್ತಿಗೆಲ್ಲ ಗೊತ್ತು. ಅದನ್ನು ಬೆಳೆದವನ ಛಲ, ಜಾಣತನ ಜಾವಗಲ್ಲಿನ ಕ್ಯಾಪ್ಟನ್ನರಿಗಿಂತ ಕಡಿಮೆಯದಲ್ಲ. ಗೆಲುವಿನ ಕಥೆಗಳು ಎಲ್ಲವನ್ನೂ ಛಲದ ಖಾತೆಗೆ ಬರೆದಾಗ, ಸೋತವನಿಗೆ ಛಲ ಸಾಲಲಿಲ್ಲ ಎಂಬ ತೀರ್ಪು ಹೇಳದೆಯೇ ಹೇಳಿದಂತಾಗುತ್ತದೆ. ಆತ್ಮಹತ್ಯೆಗಳನ್ನು ಕಂಡ ಜಿಲ್ಲೆಯಲ್ಲಿ ಇದು ಸಣ್ಣ ಅಪಚಾರವಲ್ಲ.

ಈ ಕಥೆ ಪುಸ್ತಕದಿಂದ ಪರದೆಗೆ ಹೋದಾಗ ಏನಾಯಿತು ಎಂಬುದನ್ನೂ ನೋಡಬೇಕು. 2020ರಲ್ಲಿ ಸುಧಾ ಕೊಂಗರ ನಿರ್ದೇಶಿಸಿದ ತಮಿಳಿನ ‘ಸೂರರೈ ಪೋಟ್ರು’ ಈ ಆತ್ಮಕಥೆಯನ್ನು ಆಧರಿಸಿದ್ದು. ಸೂರ್ಯ ಅವರ ನಟನೆ ಬಹಳ ಮೆಚ್ಚುಗೆ ಪಡೆಯಿತು. ಅಲ್ಲಿ ನಾಯಕ ವಾಯುಪಡೆ ಬಿಟ್ಟು ಬಂದವನು, ಹೆಂಡತಿ ಬೇಕರಿ ನಡೆಸುವವಳು. ಹೊಲ ಕಾಣೆಯಾಗಿದೆ. ತೆಂಗು ಇಲ್ಲ, ರೇಷ್ಮೆ ಇಲ್ಲ, ಮುಳುಗಡೆ ಇಲ್ಲ. ಸಿನಿಮಾಕ್ಕೆ ತನ್ನದೇ ಅಗತ್ಯಗಳಿರುತ್ತವೆ, ಬದಲಾವಣೆ ಮಾಡುವ ಹಕ್ಕೂ ಇರುತ್ತದೆ. ಆದರೆ ಏನನ್ನು ಕೈಬಿಟ್ಟರೂ ನಡೆಯುತ್ತದೆ ಎಂದು ಒಂದು ಕಾಲ ಭಾವಿಸುತ್ತದೋ ಅದು ಆ ಕಾಲದ ಬಗ್ಗೆ ಹೇಳುತ್ತದೆ. ವರ್ಷಗಟ್ಟಲೆ ಮಣ್ಣಿನಲ್ಲಿ ದುಡಿದದ್ದು ಬಿಟ್ಟರೂ ಕಥೆ ಪೂರ್ತಿಯಾಗುತ್ತದೆ ಎಂದು ನಮ್ಮ ಕಾಲ ಭಾವಿಸಿತು.

ನಮ್ಮ ಮಟ್ಟಿಗೆ ಹೇಳುವುದಾದರೆ ‘ಬಾನಯಾನ’ದಲ್ಲಿ ಉಳಿಯುವ ಪುಟಗಳು ಜಾವಗಲ್ಲಿನವೇ. ವಿಮಾನ ಕಂಪನಿ 2007ರಲ್ಲಿ ಕಿಂಗ್‌ಫಿಷರ್‌ನವರ ಹಿಡಿತಕ್ಕೆ ಹೋಯಿತು, ಮುಂದೆ ಆ ಕಿಂಗ್‌ಫಿಷರ್ ಕೂಡ 2012ರಲ್ಲಿ ನೆಲಕಚ್ಚಿತು. ಗೊಬ್ಬರದ ಖರ್ಚು, ಹುಳುವಿನ ಆರೈಕೆ, ನೀರಿನ ಮಿತಿಯ ಬಗ್ಗೆ ಅಲ್ಲಿ ಕಲಿತ ಪಾಠ ಹಳತಾಗಿಲ್ಲ. ಕೃಷಿ ಪದವಿ ಓದುವ ಹುಡುಗ ಹುಡುಗಿಯರು, ಪಟ್ಟಣದ ನೌಕರಿ ಬಿಟ್ಟು ಹೊಲಕ್ಕೆ ಮರಳುವ ಕನಸಿನವರು 그 ಪುಟಗಳನ್ನು ಓದಲೇಬೇಕು. ಓದುವಾಗ ಪಕ್ಕದಲ್ಲೊಂದು ನೋಟುಪುಸ್ತಕ ಇಟ್ಟುಕೊಳ್ಳಲಿ. ಬಂಡವಾಳ ಎಲ್ಲಿಂದ ಬಂತು, ನಷ್ಟವನ್ನು ಯಾವ ವರಮಾನ ಹೊತ್ತಿತು, ಕೂಲಿ ಎಷ್ಟಾಯಿತು, ಆ ನೆಲದಲ್ಲಿ ಮೊದಲು ಯಾರ ದನ ಮೇಯುತ್ತಿದ್ದವು ಎಂದು ಬರೆದುಕೊಳ್ಳುತ್ತ ಹೋಗಲಿ. ಉತ್ತರ ಸಿಗದ ಪ್ರಶ್ನೆಗಳನ್ನು ತಮ್ಮ ಊರಿನ ಹಿರಿಯರ ಮುಂದೆ ಇಡಲಿ. ಐರಣಿಯಿಂದ ಬ್ಯಾಡಗಿಯವರೆಗೆ ಇಂದಿಗೂ ಸೈನ್ಯದಿಂದ ನಿವೃತ್ತರಾಗಿ ಬಂದು ರಂಟೆ ಹೊಡೆಯುವವರಿದ್ದಾರೆ, ಎಂದೂ ಊರು ಬಿಡದೆ ರಂಟೆ ಹೊಡೆದವರೂ ಇದ್ದಾರೆ. ಅವರ ಲೆಕ್ಕದ ಚೀಟಿಗಳು ಇನ್ನೂ ಜಂತಿಯ ಸಂದಿಯಲ್ಲೇ ಇವೆ. ಅವನ್ನು ಕೂತು ಕೇಳಿ ಬರೆದುಕೊಳ್ಳುವ ಕೆಲಸ ನಮ್ಮಂಥ ಬರೆಹಗಾರರದು, ಅಚ್ಚು ಹಾಕುವ ಕೆಲಸ ಇಂಥ ಪತ್ರಿಕೆಗಳದು.